ಕಾಸರಗೋಡಿನ ಸಣ್ಣ ಉದ್ಯಮಕ್ಕೆ ಸೋಶಿಯಲ್ ಮೀಡಿಯಾದಲ್ಲಿ ಒಂದೇ ಮುಖ ಕೊಡುವುದು ಹೇಗೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಮನೆಯಲ್ಲೇ ಹಲಸಿನ ಹಪ್ಪಳ, ಮಾಂಬಳ (ಒಣಗಿಸಿದ ಮಾವಿನ ರಸ), ಉಪ್ಪಿನಕಾಯಿ ಮಾಡಿ ಮಾರುವವರು, ಅಡಿಕೆ ಹಾಳೆಯ ತಟ್ಟೆಯ ಸಣ್ಣ ಘಟಕ ಇಟ್ಟುಕೊಂಡವರು, ಕುಂಬಳೆ–ಉಪ್ಪಳದಲ್ಲಿ ಬಟ್ಟೆ ಹೊಲಿಯುವವರು ತಮ್ಮ ಗ್ರಾಹಕರು ಯಾರೆಂದು ಒಮ್ಮೆ ಬರೆದು ನೋಡಲಿ. ಪುತ್ತೂರು, ಮಂಗಳೂರು, ಬೆಂಗಳೂರಿನ ಕನ್ನಡಿಗರು ಒಂದು ಪಾಲು. ಕಾಸರಗೋಡು ಪೇಟೆ, ಕಾಞಂಗಾಡ್, ಕಣ್ಣೂರಿನ ಮಲಯಾಳಿಗಳು ಇನ್ನೊಂದು ಪಾಲು. ಗಲ್ಫ್‌ನಲ್ಲಿ ಇಬ್ಬರೂ ಇದ್ದಾರೆ. ಇವರಲ್ಲಿ ಅನೇಕರಿಗೆ ಒಂದೇ ಲಿಪಿ ಬರುತ್ತದೆ. ಹಾಗಾಗಿ ಇಲ್ಲಿನ ಉದ್ಯಮವನ್ನು ಗುರುತಿಸುವ ಕೆಲಸವನ್ನು ಹೆಸರಿನ ಅಕ್ಷರಗಳ ಮೇಲೆ ಮಾತ್ರ ಹೊರಿಸಿದರೆ ಅರ್ಧ ಗ್ರಾಹಕರು ತಪ್ಪಿಹೋಗುತ್ತಾರೆ. ಬಣ್ಣ, ಲೋಗೊ ಇರುವ ಜಾಗ, ಫೋಟೊದ ಬೆಳಕು, ಅಕ್ಷರದ ಆಕಾರ – ಈ ನಾಲ್ಕನ್ನು ಗಟ್ಟಿ ಮಾಡಿಕೊಂಡರೆ ಪೋಸ್ಟ್ ಯಾವ ಲಿಪಿಯಲ್ಲಿದ್ದರೂ ಅದು ಯಾರದ್ದೆಂದು ಗೊತ್ತಾಗುತ್ತದೆ. ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಫೋನು, ಎರಡು ದಿನ, ಮತ್ತು ಆಮೇಲೆ ಮನಸ್ಸು ಬದಲಿಸದ ಹಟ ಬೇಕು. ಉದಾಹರಣೆಗೆ ಹಲಸಿನ ಹಪ್ಪಳದ ಮನೆ ಉದ್ಯಮವನ್ನೇ ಇಟ್ಟುಕೊಳ್ಳೋಣ.

ಬಣ್ಣ: ಮೂರು ಸಾಕು

ಹೆಚ್ಚಿನವರು ಎಡವುವುದು ಇಲ್ಲಿಯೇ. ಸೋಮವಾರದ ಪೋಸ್ಟ್ ಗುಲಾಬಿ, ಗುರುವಾರದ್ದು ನೀಲಿ, ಹಬ್ಬಕ್ಕೆ ಚಿನ್ನದ ಬಣ್ಣ. ಆ್ಯಪ್ ತೋರಿಸಿದ ಟೆಂಪ್ಲೇಟ್ ಚೆಂದ ಕಂಡಿತು, ಹಾಕಿಬಿಟ್ಟರು. ಅದರ ಬದಲು ಮೂರು ಬಣ್ಣ ಆರಿಸಿ: ಒಂದು ತಿಳಿಯಾದ ಹಿನ್ನೆಲೆ, ಒಂದು ಗಾಢವಾದ ಮುಖ್ಯ ಬಣ್ಣ, ಕಣ್ಣು ಸೆಳೆಯಲು ಒಂದು. ಪೋಸ್ಟ್‌ನ ಜಾಗದಲ್ಲಿ ಹಿನ್ನೆಲೆಗೆ ಸುಮಾರು 60 ಪಾಲು, ಮುಖ್ಯ ಬಣ್ಣಕ್ಕೆ 30, ಮೂರನೆಯದಕ್ಕೆ 10 ಎಂಬುದು ವಿನ್ಯಾಸಕಾರರ ಹಳೆಯ ಲೆಕ್ಕ. ಅದು ಈಗಲೂ ಕೆಲಸ ಮಾಡುತ್ತದೆ.

ಬಣ್ಣಗಳನ್ನು ಹುಡುಕಲು ಅಂಗಳದಿಂದಾಚೆ ಹೋಗಬೇಕಿಲ್ಲ. ಮುರಕಲ್ಲಿನ ಕೆಂಪು, ಅಡಿಕೆ ಸೋಗೆಯ ಹಸಿರು, ಒಣಗಿದ ಹಾಳೆಯ ಕಂದು, ಹಲಸಿನ ಸೊಳೆಯ ಹಳದಿ, ಕಾವಿ ನೆಲ – ಇವೆಲ್ಲ ಇಲ್ಲಿನ ಜನ ದಿನವೂ ನೋಡುವ ಬಣ್ಣಗಳು. ಕಾಸರಗೋಡು ಸೀರೆಯ ಗೆರೆ, ಚೌಕುಳಿಗಳಲ್ಲಿಯೂ ಒಳ್ಳೆಯ ಬಣ್ಣದ ಜೋಡಿಗಳು ಸಿಗುತ್ತವೆ. ಆದರೆ ಆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಅದರ ಬಣ್ಣದಿಂದ ಸ್ಫೂರ್ತಿ ಪಡೆಯಬಹುದು, ಅಧಿಕೃತ ನೇಕಾರರಲ್ಲದವರು ಅದರ ಹೆಸರನ್ನು ತಮ್ಮ ಬಟ್ಟೆಗೆ ಅಂಟಿಸಬಾರದು.

ಹಪ್ಪಳದ ಉದ್ಯಮಕ್ಕೆ ಒಂದು ಜೋಡಣೆ ಹೀಗಿರಬಹುದು. ಹಿನ್ನೆಲೆಗೆ ಕೆನೆ ಬಣ್ಣ: ಕೆಂಪು 251, ಹಸಿರು 245, ನೀಲಿ 230. ಮುಖ್ಯ ಬಣ್ಣಕ್ಕೆ ಗಾಢ ಹಸಿರು: 32, 88, 56. ಮೂರನೆಯದಕ್ಕೆ ಹಲಸಿನ ಹಳದಿ: 224, 165, 38. ಕೆಂಪು–ಹಸಿರು–ನೀಲಿಯ (ಆರ್‌ಜಿಬಿ) ಈ ಅಂಕಿಗಳನ್ನು, ಅವನ್ನು ತೆಗೆದುಕೊಳ್ಳುವ ಯಾವ ಆ್ಯಪ್‌ನಲ್ಲಿಯಾದರೂ ಕೊಟ್ಟರೆ ಅದೇ ಬಣ್ಣ ಬರುತ್ತದೆ. ಕಣ್ಣಂದಾಜಿನಲ್ಲಿ ಬೆರಳಾಡಿಸಿ ಆರಿಸಿದರೆ ಪ್ರತಿ ಸಲವೂ ಬೇರೆ ಹಸಿರು ಬರುತ್ತದೆ, ಮೂರು ತಿಂಗಳಲ್ಲಿ ಹತ್ತು ಹಸಿರು ಸೇರಿಕೊಳ್ಳುತ್ತವೆ.

ಬಣ್ಣ ಆರಿಸಿದ ಮೇಲೆ ಅಕ್ಷರ ಓದಲು ಬರುತ್ತದೆಯೇ ಎಂದು ಅಳೆಯಬೇಕು. ವೆಬ್‌ನ ಅಂತರರಾಷ್ಟ್ರೀಯ ಸುಲಭ-ಬಳಕೆಯ ಮಾನದಂಡದಂತೆ ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ತಿಳಿ–ಗಾಢದಲ್ಲಿ (ಕಾಂಟ್ರಾಸ್ಟ್) ಕನಿಷ್ಠ 4.5ಕ್ಕೆ 1ರ ಅಂತರ, ದೊಡ್ಡ ಅಕ್ಷರಕ್ಕೆ 3ಕ್ಕೆ 1ರ ಅಂತರ ಬೇಕು. ಇದನ್ನು ಲೆಕ್ಕ ಹಾಕಿ ಕೊಡುವ ಉಚಿತ ಪುಟಗಳು ಬೇಕಾದಷ್ಟಿವೆ. ಮೇಲಿನ ಹಸಿರಿನ ಮೇಲೆ ಕೆನೆ ಬಣ್ಣದ ಅಕ್ಷರಕ್ಕೆ ಸುಮಾರು 7.7 ಸಿಗುತ್ತದೆ, ಯಾವ ಗಾತ್ರಕ್ಕೂ ಸರಿ. ಹಸಿರಿನ ಮೇಲೆ ಹಳದಿಗೆ ಸುಮಾರು 3.8, ಹಾಗಾಗಿ ದೊಡ್ಡ ಬೆಲೆಗೆ ಸರಿ, ಸಣ್ಣ ವಿವರಕ್ಕೆ ಬೇಡ. ಬಿಳಿಯ ಮೇಲೆ ಹಳದಿಗೆ ಬರೀ 2.2. ಬಿಸಿಲಲ್ಲಿ ನಿಂತು ಫೋನ್ ನೋಡುವವರಿಗೆ ಅದು ಕಾಣುವುದೇ ಇಲ್ಲ.

ಅಕ್ಷರ: ಎರಡು ಲಿಪಿ, ಒಂದು ಕುಟುಂಬ

ಗಡಿಯಲ್ಲಿರುವವರು ಅತಿ ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಬೆಂಗಳೂರಿನ ಡಿಸೈನರ್‌ಗಳು ಬರೆದ ಸಲಹೆಗಳಲ್ಲಿ ಇದು ಸಿಗುವುದೂ ಕಡಿಮೆ. ಸಾಮಾನ್ಯವಾಗಿ ಆಗುವುದೇನೆಂದರೆ, ಕನ್ನಡಕ್ಕೆ ದಪ್ಪಗಿನ ಒಂದು ಫಾಂಟ್, ಮಲಯಾಳಕ್ಕೆ ಫೋನಿನಲ್ಲಿದ್ದ ತೆಳ್ಳಗಿನ ಫಾಂಟ್, ಇಂಗ್ಲಿಷಿಗೆ ಬಳುಕುವ ಮದುವೆ ಕಾಗದದ ಅಕ್ಷರ. ಒಂದೇ ಪೋಸ್ಟ್‌ನಲ್ಲಿ ಮೂರು ಅಂಗಡಿಗಳ ಬೋರ್ಡು ನೋಡಿದ ಹಾಗಿರುತ್ತದೆ.

ಪರಿಹಾರ ಸುಲಭ. ಹಲವು ಲಿಪಿಗಳಿಗೆ ಒಟ್ಟಿಗೇ ವಿನ್ಯಾಸ ಮಾಡಿದ ಫಾಂಟ್ ಕುಟುಂಬಗಳು ಇವೆ. ಏಕ್ ಟೈಪ್ ಸಂಸ್ಥೆಯ 'ಅನೇಕ್' ಕುಟುಂಬದಲ್ಲಿ ಅನೇಕ್ ಕನ್ನಡ, ಅನೇಕ್ ಮಲಯಾಳಂ, ಅನೇಕ್ ಲ್ಯಾಟಿನ್ ಎಲ್ಲ ಇದ್ದು, ತೆಳುವಿನಿಂದ ತೀರಾ ದಪ್ಪದವರೆಗಿನ ತೂಕಗಳು ಒಂದಕ್ಕೊಂದು ಹೊಂದುತ್ತವೆ. ಅದೇ ಸಂಸ್ಥೆಯ 'ಬಲೂ' ಕುಟುಂಬದಲ್ಲಿ ಕನ್ನಡಕ್ಕೆ 'ಬಲೂ ತಮ್ಮ 2', ಮಲಯಾಳಕ್ಕೆ 'ಬಲೂ ಚೇಟ್ಟನ್ 2'. ದುಂಡಗೆ, ದಪ್ಪಗೆ ಇರುವ ಇವು ತಿಂಡಿ ತಿನಿಸು, ಮಕ್ಕಳ ಬಟ್ಟೆಯಂಥ ವ್ಯಾಪಾರಕ್ಕೆ ಹೊಂದುತ್ತವೆ. ಗಂಭೀರವಾಗಿ ಕಾಣಬೇಕೆಂದರೆ ಗೂಗಲ್‌ನ 'ನೋಟೊ ಸೆರಿಫ್' ಕನ್ನಡ ಮತ್ತು ಮಲಯಾಳಂ ಜೋಡಿ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಮುಕ್ತ ಫಾಂಟ್ ಪರವಾನಗಿಯಲ್ಲಿರುವುದರಿಂದ ವ್ಯಾಪಾರಕ್ಕೆ, ಪ್ಯಾಕೆಟ್ ಮುದ್ರಣಕ್ಕೆ ಬಳಸಲು ಅಡ್ಡಿಯಿಲ್ಲ. ಒಂದೇ ಕುಟುಂಬ, ಎರಡೇ ತೂಕ: ಶೀರ್ಷಿಕೆಗೆ ದಪ್ಪ, ವಿವರಕ್ಕೆ ಸಾಮಾನ್ಯ. ಮೂರನೆಯದರ ಆಸೆ ಬೇಡ.

ಕನ್ನಡ ಅಕ್ಷರ ಕೂರಿಸುವಾಗ ಇಂಗ್ಲಿಷಿನ ಅಭ್ಯಾಸಗಳು ಕೆಲಸಕ್ಕೆ ಬರುವುದಿಲ್ಲ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಅಕ್ಷರ ಗಾತ್ರದ 1.2 ಪಟ್ಟು ಇದ್ದರೆ ಸಾಕು. ಕನ್ನಡಕ್ಕೆ 1.4ರಿಂದ 1.5 ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಆಯ್ಕೆಯನ್ನು ಸೊನ್ನೆಯಲ್ಲೇ ಬಿಡಿ. ಕೆಲವು ಆ್ಯಪ್‌ಗಳಲ್ಲಿ ಅದನ್ನು ಎಳೆದರೆ ಒತ್ತು, ದೀರ್ಘ ಬೇರೆಯಾಗಿ ನಿಲ್ಲುತ್ತವೆ. ಫಾಂಟ್‌ನಲ್ಲಿ ದಪ್ಪ ತೂಕ ಇಲ್ಲದಿರುವಾಗ ಆ್ಯಪ್‌ನ 'ಬಿ' ಗುಂಡಿ ಒತ್ತಿ ಬಲವಂತವಾಗಿ ದಪ್ಪ ಮಾಡಬೇಡಿ, ಥ ಅಕ್ಷರದ ಒಳಗಿನ ಚುಕ್ಕೆ ತುಂಬಿಹೋಗಿ ಅದು ಧ ಎಂದು ಕಾಣುತ್ತದೆ. ಓರೆ ಅಕ್ಷರವೂ ಬೇಡ. ಕನ್ನಡದ ದುಂಡು ಓರೆಯಾದರೆ ಬಿದ್ದಂತೆ ಕಾಣುತ್ತದೆ.

ಹೊಸ ಆ್ಯಪ್ ಅಥವಾ ಫಾಂಟ್ ಬಳಸುವ ಮೊದಲು 'ಸ್ವಾತಂತ್ರ್ಯ', 'ಪ್ರಾರ್ಥನೆ', 'ಸಂಸ್ಕೃತಿ' ಎಂದು ಟೈಪ್ ಮಾಡಿ ನೋಡಿ. ಮೂರೂ ಸರಿ ಬಂದರೆ ಮುಂದುವರಿಯಬಹುದು. ಒತ್ತುಗಳು ಒಡೆದು ಅರ್ಧಾಕ್ಷರಗಳಾಗಿ ಕಂಡರೆ ಕಾರಣ ಎರಡರಲ್ಲೊಂದು. ಆ್ಯಪ್‌ಗೆ ಭಾರತೀಯ ಲಿಪಿಗಳನ್ನು ಜೋಡಿಸಲು ಬರುವುದಿಲ್ಲ, ಅಥವಾ ಬರುತ್ತದೆ ಆದರೆ ಆಯ್ಕೆ ಮುಚ್ಚಿದೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಅಥವಾ 'ವರ್ಲ್ಡ್ ರೆಡಿ' ಜೋಡಣೆಯನ್ನು ಆರಿಸಿ, ಫೋಟೋಶಾಪ್ ಮುಚ್ಚಿ ಮತ್ತೆ ತೆರೆಯಬೇಕು. ಪೇಟೆಯ ಮುದ್ರಣಾಲಯಗಳಲ್ಲಿ ನುಡಿ, ಶ್ರೀಲಿಪಿಯ ಹಳೆಯ ಯುನಿಕೋಡ್ ಅಲ್ಲದ ಫಾಂಟ್‌ಗಳು ಈಗಲೂ ನಡೆಯುತ್ತವೆ. ಯುನಿಕೋಡ್‌ನಲ್ಲಿ ಬರೆದು ಕೊಟ್ಟದ್ದನ್ನು ಅವರು ಮತ್ತೆ ಟೈಪ್ ಮಾಡಿದರೆ ಅಕ್ಷರದ ರೂಪವೂ ಬದಲಾಗುತ್ತದೆ, ಕಾಗುಣಿತವೂ ತಪ್ಪಬಹುದು. ಅವರಿಗೆ ಅಕ್ಷರಗಳನ್ನು ಆಕೃತಿಯಾಗಿ ಬದಲಿಸಿದ ಪಿಡಿಎಫ್ ಕೊಡುವುದು ಕ್ಷೇಮ.

ಮಲಯಾಳದಲ್ಲಿಯೂ ಇಂಥದ್ದೇ ಒಂದು ಸೂಕ್ಷ್ಮವಿದೆ. 1971ರ ಲಿಪಿ ಸುಧಾರಣೆಯಿಂದಾಗಿ ಕೂಡಕ್ಷರಗಳ ಹಳೆಯ ರೂಪ, ಹೊಸ ರೂಪ ಎರಡೂ ಚಾಲ್ತಿಯಲ್ಲಿವೆ. ಒಂದು ಪೋಸ್ಟ್ ಹಳೆಯ ಲಿಪಿಯಲ್ಲಿ, ಮುಂದಿನದು ಹೊಸ ಲಿಪಿಯಲ್ಲಿ ಬಂದರೆ ನಮಗೆ ಗೊತ್ತಾಗದಿರಬಹುದು, ಮಲಯಾಳಿಗಳಿಗೆ ತಟ್ಟನೆ ಗೊತ್ತಾಗುತ್ತದೆ. ಒಂದನ್ನೇ ಹಿಡಿಯಿರಿ. ಮಲಯಾಳದಲ್ಲಿ ಓದಿ ಬೆಳೆದ ಒಬ್ಬರಿಂದ ಪ್ರತಿ ಟೆಂಪ್ಲೇಟ್ ಒಮ್ಮೆ ನೋಡಿಸಿ.

ಎರಡೂ ಲಿಪಿ ಒಂದೇ ಚಿತ್ರದಲ್ಲಿ ಇರಬೇಕೇ? ಹೆಸರು ಮತ್ತು ಬೆಲೆ ಮಾತ್ರ ಇರುವ ಪೋಸ್ಟ್‌ಗೆ ಎರಡನ್ನೂ ಇಡಬಹುದು, ಕನ್ನಡ ಮೇಲೆ, ಮಲಯಾಳ ಕೆಳಗೆ, ಸಮಾನ ಗಾತ್ರದಲ್ಲಿ. ವಿವರ ಹೆಚ್ಚಿದ್ದರೆ ಚಿತ್ರ ತುಂಬಿ ಉಸಿರುಗಟ್ಟುತ್ತದೆ. ಆಗ ಕ್ಯಾರೊಸೆಲ್ (ಬದಿಗೆ ಸರಿಸಿ ನೋಡುವ ಹಲವು ಚಿತ್ರಗಳ ಒಂದೇ ಪೋಸ್ಟ್) ಮಾಡಿ, ಮೊದಲ ಚಿತ್ರದಲ್ಲಿ ಬರೀ ಫೋಟೊ ಮತ್ತು ಲೋಗೊ, ಎರಡನೆಯದರಲ್ಲಿ ಕನ್ನಡ, ಮೂರನೆಯದರಲ್ಲಿ ಮಲಯಾಳ. ಅಂಕಿಗಳು ಎಲ್ಲ ಕಡೆ 1, 2, 3ರ ರೂಪದಲ್ಲೇ ಇರಲಿ. ಕನ್ನಡ ಅಂಕಿ ಚೆಂದವೇ, ಆದರೆ ಕಣ್ಣೂರಿನವರಿಗೆ ಬೆಲೆ ತಿಳಿಯುವುದಿಲ್ಲ. ಇನ್‌ಸ್ಟಾಗ್ರಾಂನ ಬರಹದಲ್ಲಿ 'ಇನ್ನಷ್ಟು' ಒತ್ತುವ ಮೊದಲು ಕಾಣುವುದು ಸುಮಾರು 125 ಅಕ್ಷರಗಳು ಮಾತ್ರ. ಆ ಜಾಗದಲ್ಲಿ ಕನ್ನಡದ ಒಂದು ಚಿಕ್ಕ ಸಾಲು, ಮಲಯಾಳದ ಒಂದು ಚಿಕ್ಕ ಸಾಲು ಬರುವಂತೆ ಬರೆಯಿರಿ.

ಹೆಸರು ಮತ್ತು ಲೋಗೊ

ಇನ್‌ಸ್ಟಾಗ್ರಾಂ ಯೂಸರ್‌ನೇಮ್‌ನಲ್ಲಿ ಕನ್ನಡ ಲಿಪಿ ನಡೆಯುವುದಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕೆ, ಅಡಿಗೆರೆ ಮಾತ್ರ, ಗರಿಷ್ಠ 30. ನಮ್ಮ ಳ, ಣ, ದೀರ್ಘಗಳನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯಬಹುದು, ಹಾಗಾಗಿ ಒಂದು ಕಾಗುಣಿತ ಆರಿಸಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್, ಇಮೇಲ್ ನಾಲ್ಕರಲ್ಲೂ ಅದನ್ನೇ ಪಡೆದುಕೊಳ್ಳಿ. ಒಂದರಲ್ಲಿ ಸಿಗದಿದ್ದರೆ ಎಲ್ಲದಕ್ಕೂ ಬೇರೆಯದು ಯೋಚಿಸಿ. ಪ್ರೊಫೈಲ್‌ನ ಹೆಸರಿನ ಜಾಗದಲ್ಲಿ ಮಾತ್ರ ಯಾವ ಲಿಪಿಯೂ ನಡೆಯುತ್ತದೆ. ಅಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಹೆಸರು ಬರೆದರೆ ಎರಡೂ ಲಿಪಿಗಳಲ್ಲಿ ಹುಡುಕುವವರಿಗೆ ಸಿಗುವ ಸಾಧ್ಯತೆ ಹೆಚ್ಚು.

ಪ್ರೊಫೈಲ್ ಚಿತ್ರ ವೃತ್ತಾಕಾರವಾಗಿ ಕತ್ತರಿಸಲ್ಪಡುತ್ತದೆ, ಫೋನ್‌ನಲ್ಲಿ ಉಗುರಿನಷ್ಟು ಕಾಣುತ್ತದೆ. ಅದರಲ್ಲಿ 'ಶ್ರೀ' ಸೇರಿದ ಪೂರ್ತಿ ಹೆಸರು, ಊರು, ಫೋನ್ ನಂಬರ್, ದೇವರ ಚಿತ್ರ ಎಲ್ಲ ತುರುಕಿದರೆ ಬಣ್ಣದ ಮಚ್ಚೆ ಉಳಿಯುತ್ತದೆ. ಒಂದು ಅಕ್ಷರ ಅಥವಾ ಒಂದು ಸರಳ ಆಕಾರ ಸಾಕು. ಎರಡು ಲಿಪಿಯ ಗ್ರಾಹಕರಿರುವಲ್ಲಿ ಆಕಾರವೇ ಮೇಲು: ಅರ್ಧ ಕತ್ತರಿಸಿದ ಹಲಸಿನ ಸೊಳೆ, ಹಾಳೆಯ ಬಾಗು, ಸೂಜಿ ದಾರ. ಯಕ್ಷಗಾನದ ಕಿರೀಟ, ಬೇಕಲ ಕೋಟೆ ಮೊದಲಿಗೆ ನೆನಪಾಗುತ್ತವೆ, ಆದರೆ ಅವನ್ನು ಈಗಾಗಲೇ ಹೋಟೆಲು, ಟ್ರಾವೆಲ್ಸ್, ಸ್ಟುಡಿಯೊ ಎಲ್ಲವೂ ಬಳಸಿ ಆಗಿದೆ. ತೆಯ್ಯಂ, ಭೂತದ ಮುಖವನ್ನು ಹಪ್ಪಳದ ಪ್ಯಾಕೆಟ್ ಮೇಲೆ ಅಚ್ಚು ಹಾಕುವುದು ಸಲ್ಲದು. ನಂಬುವವರಿಗೆ ಅದು ದೈವ, ಪ್ಯಾಕೆಟ್ ಕೊನೆಗೆ ಸೇರುವುದು ಕಸಕ್ಕೆ.

ಲೋಗೊವನ್ನು ನಾಲ್ಕು ರೂಪದಲ್ಲಿ ಉಳಿಸಿ: ಪ್ರೊಫೈಲ್‌ಗೆ ಆಕಾರ ಮಾತ್ರ ಇರುವ 1000 × 1000 ಪಿಕ್ಸೆಲ್‌ನ ಚೌಕ, ಹೆಸರಿನೊಂದಿಗೆ ಅಡ್ಡಲಾಗಿ ಒಂದು, ಗಾಢ ಹಿನ್ನೆಲೆಗೆ ಪೂರ್ತಿ ಬಿಳಿಯದು, ಮುದ್ರಣಕ್ಕೆ ಎಸ್‌ವಿಜಿ ಅಥವಾ ಪಿಡಿಎಫ್. ಮೊದಲ ಮೂರು ಹಿನ್ನೆಲೆ ಇಲ್ಲದ ಪಿಎನ್‌ಜಿ ಆಗಿರಲಿ. ಇವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಕುಗ್ಗಿ ಜೆಪೆಗ್ ಆಗುತ್ತದೆ, ಪಾರದರ್ಶಕ ಹಿನ್ನೆಲೆ ಹೋಗುತ್ತದೆ, ಕೆಂಪು ಅಕ್ಷರದ ಅಂಚು ಕದಡುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ.

ಹೆಸರಿನ ಪಕ್ಕ 'ಟಿಎಂ' ಎಂದು ಹಾಕಲು ನೋಂದಣಿ ಬೇಕಿಲ್ಲ. ವೃತ್ತದೊಳಗಿನ 'ಆರ್' ಗುರುತನ್ನು ಮಾತ್ರ ಟ್ರೇಡ್‌ಮಾರ್ಕ್ ನೋಂದಣಿ ಆದ ಮೇಲೆಯೇ ಹಾಕಬೇಕು.

ಅಳತೆಗಳು

2025ರ ಆರಂಭದಲ್ಲಿ ಇನ್‌ಸ್ಟಾಗ್ರಾಂ ಪ್ರೊಫೈಲ್ ಪುಟದ ಚೌಕಗಳನ್ನು ಉದ್ದ ಮಾಡಿ 3:4 ಅನುಪಾತಕ್ಕೆ ತಂದಿತು. ಇದರಿಂದ ಹಳೆಯ ಅಭ್ಯಾಸದ 1080 × 1080 ಚೌಕ ಪೋಸ್ಟ್‌ನ ಎಡಬಲದಲ್ಲಿ ತಲಾ 135 ಪಿಕ್ಸೆಲ್ ಪ್ರೊಫೈಲ್ ಪುಟದಲ್ಲಿ ಕಾಣದೆ ಹೋಗುತ್ತದೆ. ಅಂಚಿನಲ್ಲಿ ಬರೆದ ಹೆಸರು ಕತ್ತರಿಸಿಹೋಗಿ 'ಹಲಸಿನ ಹಪ್ಪಳ' ಎಂಬುದು 'ಲಸಿನ ಹಪ್ಪ' ಆಗಿರುವ ಪುಟಗಳು ಕಾಣಸಿಗುವುದು ಇದೇ ಕಾರಣಕ್ಕೆ. ಈಗ 1080 × 1350 ಅಳತೆಯಲ್ಲಿ ಮಾಡುವುದು ಒಳ್ಳೆಯದು. ಅದರಲ್ಲಿ ಮರೆಯಾಗುವುದು ತಲಾ 34 ಪಿಕ್ಸೆಲ್ ಮಾತ್ರ. ಸುತ್ತ 80 ಪಿಕ್ಸೆಲ್ ಖಾಲಿ ಬಿಟ್ಟರೆ ಯಾವುದೂ ತಪ್ಪದು.

ಸ್ಟೋರಿ, ರೀಲ್ಸ್, ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ 1080 × 1920. ಸ್ಟೋರಿಯಲ್ಲಿ ಮೇಲೆ 250, ಕೆಳಗೆ 340 ಪಿಕ್ಸೆಲ್‌ನಲ್ಲಿ ಅಕ್ಷರ ಇಡಬೇಡಿ, ಅಲ್ಲಿ ಆ್ಯಪ್‌ನ ಗುಂಡಿಗಳು ಬರುತ್ತವೆ. ರೀಲ್ಸ್‌ನಲ್ಲಿ ಕೆಳಗಿನ ಮೂರನೇ ಒಂದು ಭಾಗವನ್ನೇ ಬಿಟ್ಟುಬಿಡಿ. ಫೇಸ್‌ಬುಕ್ ಪುಟದ ಕವರ್ ಕಂಪ್ಯೂಟರ್‌ನಲ್ಲಿ 851 × 315, ಫೋನ್‌ನಲ್ಲಿ 640 × 360 ಆಗಿ ಕಾಣುತ್ತದೆ. ಅಂದರೆ ಫೋನ್‌ನಲ್ಲಿ ಬದಿಗಳು ಹೋಗುತ್ತವೆ, ಹೆಸರನ್ನು ನಡುವೆ ಇಡಿ. ಯೂಟ್ಯೂಬ್ ಥಂಬ್‌ನೇಲ್ 1280 × 720.

ಇಷ್ಟಕ್ಕೂ ಸೇರಿ ಐದು ಟೆಂಪ್ಲೇಟ್ ಸಾಕು: ಉತ್ಪನ್ನ–ಬೆಲೆ, ಮಾಡುವ ವಿಧಾನ, ಗ್ರಾಹಕರ ಮಾತು, ಪ್ರಕಟಣೆ, ಹಬ್ಬ. ಐದರಲ್ಲೂ ಲೋಗೊ ಒಂದೇ ಮೂಲೆಯಲ್ಲಿ, ಒಂದೇ ಗಾತ್ರದಲ್ಲಿ (1080 ಅಗಲಕ್ಕೆ ಸುಮಾರು 130 ಪಿಕ್ಸೆಲ್), ಕೆಳಗೆ ಒಂದೇ ಹಸಿರು ಪಟ್ಟಿ. ವಿನ್ಯಾಸದ ಆ್ಯಪ್ ಕ್ಯಾನ್ವಾದಲ್ಲಿ ಬಣ್ಣ, ಲೋಗೊ, ಫಾಂಟ್ ಒಂದೆಡೆ ಉಳಿಸುವ ಪೂರ್ಣ ಬ್ರ್ಯಾಂಡ್ ಕಿಟ್‌ಗೆ ಹಣ ಕೊಡಬೇಕು, ಆದರೆ ಅದು ಅನಿವಾರ್ಯವೇನಲ್ಲ. 'ಮೂಲ' ಎಂದು ಒಂದು ಫೈಲ್ ಮಾಡಿ ಅದರಲ್ಲಿ ಐದು ಪುಟ ಇಟ್ಟು, ಪ್ರತಿ ಸಲ ಅದರ ನಕಲು ತೆಗೆದು ಕೆಲಸ ಮಾಡಿದರೆ ಆಯಿತು. ಮೂಲವನ್ನು ಮುಟ್ಟಬಾರದು, ಅಷ್ಟೆ.

ಫೋಟೊ: ಕೆಂಪು ನೆಲದ ತೊಂದರೆ

ಟೆಂಪ್ಲೇಟ್ ಎಷ್ಟು ಚೊಕ್ಕವಾಗಿದ್ದರೂ ಒಂದು ಫೋಟೊ ಹಳದಿಯಾಗಿ, ಇನ್ನೊಂದು ನೀಲಿಯಾಗಿ ಇದ್ದರೆ ಪುಟ ಒಂದಾಗಿ ಕಾಣದು. ನಮ್ಮ ಮನೆಗಳಲ್ಲಿ ಇದಕ್ಕೆ ವಿಶೇಷ ಕಾರಣಗಳಿವೆ. ಕಾವಿ ನೆಲ, ಗಾರೆ ಮಾಡದ ಮುರಕಲ್ಲಿನ ಗೋಡೆ ಬೆಳಕನ್ನು ಕೆಂಪಾಗಿಸಿ ವಸ್ತುವಿನ ಮೇಲೆ ಎಸೆಯುತ್ತವೆ, ಬಿಳಿ ಹಪ್ಪಳ ಗುಲಾಬಿಯಾಗುತ್ತದೆ. ಅಡಿಕೆ ತೋಟದ ನೆರಳಿನಲ್ಲಿ ತೆಗೆದರೆ ಎಲ್ಲವೂ ಹಸಿರಿಗೆ ತಿರುಗುತ್ತದೆ. ಮಳೆಗಾಲದ ಮೋಡದ ಬೆಳಕು ನೀಲಿ. ಟ್ಯೂಬ್‌ಲೈಟ್ ಮತ್ತು ಕಿಟಕಿಯ ಬೆಳಕು ಬೆರೆತರೆ ಒಂದು ಬದಿ ಒಂದು ಬಣ್ಣ, ಇನ್ನೊಂದು ಬದಿ ಇನ್ನೊಂದು ಬಣ್ಣ. ಅದನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ.

ಒಂದು ಕಿಟಕಿ ಆರಿಸಿ, ನೇರ ಬಿಸಿಲು ಬೀಳದ ಉತ್ತರದ ಬದಿಯದಾದರೆ ಉತ್ತಮ. ಬೆಳಗ್ಗೆ 9ರಿಂದ 11ರ ಒಳಗೆ, ಒಳಗಿನ ದೀಪಗಳನ್ನೆಲ್ಲ ಆರಿಸಿ. ಮೇಜಿನ ಮೇಲೆ ಒಂದೇ ಹಿನ್ನೆಲೆ – ಹಳೆಯ ಹಲಸಿನ ಮರದ ಹಲಗೆ, ಒಣ ಹಾಳೆ ಅಥವಾ ಕೆನೆ ಬಣ್ಣದ ಹತ್ತಿ ಬಟ್ಟೆ. ಕಿಟಕಿಯ ಎದುರು ಬದಿಯಲ್ಲಿ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ, ಕೆಂಪು ಗೋಡೆಯ ಪ್ರತಿಫಲನವೂ ನಿಲ್ಲುತ್ತದೆ. ಕೆಳಗೆ ಕೆಂಪು ನೆಲ ಇದ್ದರೆ ಮೇಜಿನ ಸುತ್ತ ಬಿಳಿ ಪಂಚೆ ಹಾಸಿ. ಲೆನ್ಸ್ ಒರೆಸಿ. ಅಡುಗೆಮನೆಯಲ್ಲಿ ಎಣ್ಣೆಯ ಬೆರಳು ತಾಗಿದ ಲೆನ್ಸ್‌ನಿಂದಲೇ ಮಬ್ಬು ಬರುವುದು ಹೆಚ್ಚು. ಮೊದಲ ಫೋಟೊದಲ್ಲಿ ವಸ್ತುವಿನ ಪಕ್ಕ ಬಿಳಿ ಕಾಗದ ಇಟ್ಟು ತೆಗೆಯಿರಿ. ತಿದ್ದುವಾಗ ಆ ಕಾಗದ ಬಿಳಿಯಾಗುವವರೆಗೆ ಬಣ್ಣ ಹೊಂದಿಸಿ, ಅದೇ ತಿದ್ದುಪಡಿಯನ್ನು ಉಳಿದ ಫೋಟೊಗಳಿಗೂ ಹಾಕಿ. ಲೈಟ್‌ರೂಮ್‌ನ ಉಚಿತ ಫೋನ್ ಆವೃತ್ತಿಯಲ್ಲಿ ಹೀಗೆ ನಕಲು ಮಾಡಲು ಬರುತ್ತದೆ. ಸಿದ್ಧ ಫಿಲ್ಟರ್ ಬೇಡ, ಆಹಾರದ ಬಣ್ಣ ಸುಳ್ಳಾದರೆ ಪ್ಯಾಕೆಟ್ ಬಿಚ್ಚಿದವರಿಗೆ ಮೋಸ ಹೋದ ಭಾವ ಬರುತ್ತದೆ.

ಹಲಸಿನ ಕಾಲ ಮುಗಿದು ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಸಮನಾದ ಬೆಳಕು ಸಿಗುವ ದಿನ ಕಡಿಮೆ. ಏಪ್ರಿಲ್–ಮೇಯಲ್ಲಿ ಹಪ್ಪಳ ಬಿಸಿಲಿಗೆ ಹಾಕುವ ದಿನಗಳಲ್ಲೇ ಮಳೆಗಾಲಕ್ಕೆ ಬೇಕಾದ ಫೋಟೊ, ಸಣ್ಣ ವಿಡಿಯೊಗಳನ್ನೂ ತೆಗೆದಿಡಿ.

ಪ್ಯಾಕೆಟ್, ಫ್ಲೆಕ್ಸ್, ಲೇಬಲ್

ಪರದೆಯಲ್ಲಿ ಕಂಡ ಬಣ್ಣ ಮುದ್ರಣದಲ್ಲಿ ಹಾಗೆಯೇ ಬರುವುದಿಲ್ಲ. ಪರದೆ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಮುದ್ರಣ ನಾಲ್ಕು ಶಾಯಿಗಳಿಂದ. ಥಳಥಳಿಸುವ ಗಿಳಿಹಸಿರು, ಕಡುನೀಲಿ ಕಾಗದದಲ್ಲಿ ಮಂಕಾಗುತ್ತವೆ. ಹಾಗಾಗಿಯೇ ಮುಖ್ಯ ಬಣ್ಣ ಮೊದಲೇ ಗಾಢ, ಮಣ್ಣಿನ ಛಾಯೆಯದಾದರೆ ಎರಡೂ ಕಡೆ ಹತ್ತಿರ ಹತ್ತಿರ ಬರುತ್ತದೆ. ಕಂದು ಕ್ರಾಫ್ಟ್ ಕಾಗದದ ಚೀಲದಲ್ಲಿ ಶಾಯಿ ಪಾರದರ್ಶಕವಾಗಿರುವುದರಿಂದ ಹಳದಿ ಸತ್ತುಹೋಗುತ್ತದೆ. ಕೆಳಗೆ ಬಿಳಿ ಪದರ ಹಾಕಿಸಬೇಕು, ಇಲ್ಲವೇ ಒಂದೇ ಗಾಢ ಬಣ್ಣದಲ್ಲಿ ಮುಗಿಸಬೇಕು. ಸಾವಿರ ಚೀಲ ಹೇಳುವ ಮೊದಲು ಒಂದು ಮಾದರಿ ತರಿಸಿ ಹಗಲು ಬೆಳಕಿನಲ್ಲಿ ನೋಡಿ. ಒಪ್ಪಿದ ಮಾದರಿಯನ್ನು ಜೋಪಾನ ಮಾಡಿ, ಮುಂದಿನ ಸಲ ಮುದ್ರಕರಿಗೆ ಅದನ್ನೇ ತೋರಿಸಬೇಕು.

ಪ್ಯಾಕ್ ಮಾಡಿದ ಆಹಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ತೂಕ, ದಿನಾಂಕ, ಗರಿಷ್ಠ ಬೆಲೆ ಇವೆಲ್ಲ ಬೇಕೇ ಬೇಕು. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಬೇಕು, ಕನ್ನಡ, ಮಲಯಾಳವನ್ನು ಜೊತೆಗೆ ಸೇರಿಸಬಹುದು. ಇದಕ್ಕೆ ಪ್ಯಾಕೆಟ್‌ನ ಹಿಂಬದಿಯನ್ನು ಮೊದಲೇ ಮೀಸಲಿಡಿ. ಕೊನೆಗೆ ನೆನಪಾಗಿ ಮುಂದೆ ಸ್ಟಿಕ್ಕರ್ ಅಂಟಿಸಿದರೆ ಲೋಗೊ ಮುಚ್ಚಿಹೋಗುತ್ತದೆ, ಎಲ್ಲ ಫೋಟೊಗಳಲ್ಲೂ ಆ ಸ್ಟಿಕ್ಕರೇ ಕಾಣುತ್ತದೆ.

ಹಬ್ಬಗಳ ದಿನ

ಕಟ್ಟಿದ್ದು ಕುಸಿಯುವುದು ಹೆಚ್ಚಾಗಿ ಹಬ್ಬದ ದಿನ. ನಮ್ಮಲ್ಲಿ ಯುಗಾದಿ, ಬಿಸು, ಓಣಂ, ಈದ್, ದೀಪಾವಳಿ ಎಲ್ಲವೂ ಇವೆ. ನವೆಂಬರ್ 1 ಬಂದರೆ ಕನ್ನಡ ರಾಜ್ಯೋತ್ಸವ, ಕೇರಳ ಪಿರವಿ ಎರಡೂ ಒಂದೇ ದಿನ, ಎರಡಕ್ಕೂ ಮೂಲ 1956ರ ರಾಜ್ಯ ಪುನರ್ವಿಂಗಡಣೆ. ಆ ದಿನ ಕನ್ನಡದ ಹಳದಿ–ಕೆಂಪಿನ ಪೋಸ್ಟ್ ಒಂದು, ತೆಂಗಿನ ಮರ, ಕೆಟ್ಟುವಳ್ಳದ (ದೋಣಿಮನೆ) ಪೋಸ್ಟ್ ಇನ್ನೊಂದು ಹಾಕಿ ಪುಟವನ್ನೇ ಬೇರೆಯವರದ್ದಾಗಿಸಿಕೊಂಡವರು ಬಹಳ ಮಂದಿ. ಹಬ್ಬದ ಟೆಂಪ್ಲೇಟ್‌ನಲ್ಲಿ ನಡುವಿನ ಚೌಕಟ್ಟಿನೊಳಗಿನ ಚಿತ್ರ ಮಾತ್ರ ಬದಲಾಗಲಿ. ಹಿನ್ನೆಲೆ, ಪಟ್ಟಿ, ಲೋಗೊ, ಫಾಂಟ್ ಎಂದಿನವೇ ಇರಲಿ. ಆ ಚಿತ್ರವೂ ಸಾಧ್ಯವಾದರೆ ನಿಮ್ಮದೇ ಆಗಿರಲಿ: ಬಿಸುಕಣಿಯ ತಟ್ಟೆಯಲ್ಲಿ ಹಲಸು, ಓಣಂ ಹಬ್ಬದೂಟದ ಎಲೆಯ ತುದಿಯಲ್ಲಿ ಹಪ್ಪಳ. ಗೂಗಲ್‌ನಲ್ಲಿ ಸಿಕ್ಕ ಚಿತ್ರಕ್ಕೆ ಹಕ್ಕುದಾರರು ಇರುತ್ತಾರೆ. ಎಲ್ಲ ಹಬ್ಬಗಳಿಗೂ ಪೋಸ್ಟ್ ಹಾಕಬೇಕೆಂಬ ನಿಯಮವೂ ಇಲ್ಲ, ವರ್ಷಕ್ಕೆ ಐದಾರು ಧಾರಾಳ.

ಹಳೆಯ ಪುಟವನ್ನು ದಾರಿಗೆ ತರುವುದು

ಈಗಾಗಲೇ ಕಲಸುಮೇಲೋಗರ ಆಗಿರುವ ಪುಟ ಇದ್ದರೆ ಹೊಸ ಖಾತೆ ತೆರೆಯಬೇಡಿ, ಇದ್ದ ಗ್ರಾಹಕರು ದಾರಿ ತಪ್ಪುತ್ತಾರೆ. ಮೊದಲು ಪ್ರೊಫೈಲ್ ಚಿತ್ರ ಮತ್ತು ವಾಟ್ಸ್‌ಆ್ಯಪ್ ಬಿಸಿನೆಸ್‌ನ ಚಿತ್ರವನ್ನು ಒಂದೇ ದಿನ ಬದಲಿಸಿ. ಮುಂದಿನ ಒಂಬತ್ತು ಪೋಸ್ಟ್‌ಗಳನ್ನು ಹೊಸ ಟೆಂಪ್ಲೇಟ್‌ನಲ್ಲಿ ತಯಾರಿಸಿ, ವಾರಕ್ಕೆ ಮೂರರಂತೆ ಹಾಕಿ. ಆಮೇಲೆ ಪುಟದ ಸ್ಕ್ರೀನ್‌ಶಾಟ್ ತೆಗೆದು ಕಪ್ಪು–ಬಿಳುಪು ಮಾಡಿ, ಫೋನನ್ನು ಕೈಚಾಚಿ ಹಿಡಿದು ನೋಡಿ. ಆಗಲೂ ಒಂಬತ್ತೂ ಒಂದೇ ಅಂಗಡಿಯವು ಎನಿಸಿದರೆ, ಬೆಲೆಗಳು ಓದಲು ಬಂದರೆ, ಸರಿಯಾಗಿದೆ. ಯಾವುದೋ ಒಂದು ಎದ್ದು ಕಂಡರೆ ಅದರಲ್ಲಿ ಹಿನ್ನೆಲೆಯೋ ಬೆಳಕೋ ತಪ್ಪಿರುತ್ತದೆ.

ಹಳೆಯ ಪೋಸ್ಟ್‌ಗಳನ್ನು ಅಳಿಸಬೇಡಿ. ಇನ್‌ಸ್ಟಾಗ್ರಾಂನಲ್ಲಿ ಆರ್ಕೈವ್ ಮಾಡಿದರೆ ಅವು ಬೇರೆಯವರಿಗೆ ಕಾಣುವುದಿಲ್ಲ, ಬಂದ ಲೈಕ್, ಕಮೆಂಟ್‌ಗಳು ಉಳಿದಿರುತ್ತವೆ, ಬೇಕೆಂದಾಗ ಮರಳಿ ತರಬಹುದು. ಪ್ರೊಫೈಲ್‌ನ ಮೇಲ್ಸಾಲಿಗೆ ಮೂರು ಪೋಸ್ಟ್‌ಗಳನ್ನು ಪಿನ್ ಮಾಡಲು ಅವಕಾಶವಿದೆ. ಒಂದರಲ್ಲಿ ಬೆಲೆಪಟ್ಟಿ, ಒಂದರಲ್ಲಿ ಆರ್ಡರ್ ಮಾಡುವ ಮತ್ತು ಪಾರ್ಸೆಲ್ ಕಳುಹಿಸುವ ಕ್ರಮ, ಇನ್ನೊಂದರಲ್ಲಿ ಹಪ್ಪಳ ಒಣಗುವ ಅಂಗಳದ ಫೋಟೊ ಇಡಿ. ಬೆಲೆ ಬದಲಾದ ದಿನವೇ ಮೊದಲನೆಯದನ್ನು ಹೊಸದಾಗಿ ಮಾಡಿ ಪಿನ್ ಮಾಡಬೇಕು.